ಬರ್ತೀವಿ ಅಂದರೆ

“ಒಂದು ಮಾತು ಕೂಡಿಸಬಾರದು, ಒಂದು ಮಾತು ಕಳೀಬಾರದು. ತಿಳೀತಾ?”

ಹಿರಿಯ ಅಧಿಕಾರಿ ಇದನ್ನು ಹೇಳುತ್ತಿರುವಾಗ ಕಾವಲಿನ ಹೆಂಗಸು ದರ್ಜಿಯವಳ ಕೊರಳಪಟ್ಟಿಯನ್ನು ಬೆರಳಿನಿಂದ ಸವರಿ ನೋಡುತ್ತಿದ್ದಳು. ಬೆರಳಿಗೆ ಏನೋ ಚುಚ್ಚಿತು. “ಅಯ್ಯಮ್ಮಾ!” ಎಂದು ಕೈ ಕೊಡವಿಕೊಂಡಳು. ಪಟ್ಟಿಯ ಮಡಿಕೆಯೊಳಗೆ ಒಂದು ಸೂಜಿ, ಅದರ ಕಣ್ಣಿನಲ್ಲಿ ಗೇಣುದ್ದದ ನೀಲಿ ದಾರ.

“ಇದೇನಿದು?”

“ಸೂಜಿ.”

“ಸೂಜಿ ಅಂತ ನನಗೂ ಕಾಣುತ್ತೆ. ಯಾಕೆ ತಂದೆ?”

“ತಂದದ್ದಲ್ಲ ಅಕ್ಕಾ, ಇತ್ತು. ಹೊಲಿಯೋಳ ಬಟ್ಟೇಲಿ ಸೂಜಿ ಇರದೆ ಇನ್ನೇನಿರುತ್ತೆ?”

ಕಾವಲಿನವಳು ಅಧಿಕಾರಿಯ ಮುಖ ನೋಡಿದಳು. ಅಧಿಕಾರಿ ತನ್ನ ಹಿಂದೆ ನಿಂತವನ ಮುಖ ನೋಡಿದ. ಹಿಂದೆ ನಿಂತವನನ್ನು ಎಲ್ಲರೂ ಕಿವಿ ಎಂದೇ ಕರೆಯುತ್ತಿದ್ದರು. ಸೇತುವೆ ತೆರೆದಿದ್ದ ಕಾಲದಲ್ಲಿ ಅವನು ಆಚೆ ದಡದ ಸಂತೆಗೆ ಪಾತ್ರೆ ಹೊತ್ತು ಮಾರುತ್ತಿದ್ದವನು. ಆಚೆಯ ಮಾತಿನಲ್ಲಿ ಅವನಿಗೆ ಬರುತ್ತಿದ್ದದ್ದು ಸಂತೆಗೆ ಬೇಕಾದಷ್ಟು: ಬೆಲೆ ಮತ್ತು ಬೈಗುಳ. ಅಷ್ಟರ ಬಲದ ಮೇಲೆ ಈಗ ಅವನನ್ನು ಮೂಲೆಯಲ್ಲಿ ಕೂರಿಸಿ, ದರ್ಜಿಯವಳು ಮಾತು ತಿರುಚುತ್ತಾಳೋ ಇಲ್ಲವೋ ಕೇಳಿಸಿಕೊಳ್ಳಲು ಹೇಳಿದ್ದರು.

“ಇಟ್ಕೊಳ್ಳಿ ಅದನ್ನ. ಸೂಜಿ ಹೋದ ದಾರೀಲಿ ಸಲಾಕೆ ಹೋಗುತ್ತೆ,” ಎಂದ ಕಿವಿ.

ಸೂಜಿ ಕಾವಲಿನವಳ ಜೇಬಿಗೆ ಹೋಯಿತು. ಸೇತುವೆಯ ಆಚೆ ಅರ್ಧದಿಂದ ಬಂದ ಇನ್ನೊಬ್ಬಳು ಕಾವಲಿನವಳು ಮತ್ತೊಮ್ಮೆ ಅವಳನ್ನು ಅಡಿಯಿಂದ ಮುಡಿಯವರೆಗೆ ತಡವಿ ನೋಡಿದಳು. ಅವರ ಅಧಿಕಾರಿಯೂ ಅವರ ಮಾತಿನಲ್ಲಿ ಅದನ್ನೇ ಹೇಳಿದ: ಒಂದು ಮಾತು ಕೂಡಿಸಬಾರದು, ಒಂದು ಮಾತು ಕಳೆಯಬಾರದು. ಅವರ ಹಿಂದೆಯೂ ಒಬ್ಬ ಕಿವಿ ನಿಂತಿದ್ದ.

ಜಗಳ ಹುಟ್ಟಿದ್ದು ನದಿಯ ಹೊಟ್ಟೆಯಿಂದ. ಹಿಂದಿನ ನೆರೆ ಇಳಿದ ಮೇಲೆ ಸೇತುವೆಯ ಕೆಳಗೆ ಒಂದು ಮಣ್ಣಿನ ದಿಬ್ಬ ಎದ್ದಿತ್ತು. ಜೊಂಡು ಹುಲ್ಲು, ನಾಲ್ಕು ಕೊಕ್ಕರೆ, ಅಷ್ಟೆ. ಯಾರೋ ಅದರ ಮೇಲೆ ಬಾವುಟ ನೆಟ್ಟರು, ಯಾರೋ ಕಿತ್ತರು. ಕಿತ್ತವನ ಕಾಲಿಗೆ ಗುಂಡು ತಗುಲಿತು. ಮಾರನೆಯ ದಿನ ಸೇತುವೆಗೆ ಎರಡೂ ಕಡೆ ಗೇಟು ಬಿತ್ತು. ಆ ಹೊತ್ತಿನಲ್ಲಿ ಯಾವ ಲಾರಿ ಯಾವ ದಡದಲ್ಲಿತ್ತೋ ಅಲ್ಲೇ ಉಳಿಯಿತು, ಅದರ ಚಾಲಕನೂ ಅಲ್ಲೇ ಉಳಿದ. ಹಾಗೆ ಉಳಿದವರಲ್ಲಿ ಅವಳ ಗಂಡ ಒಬ್ಬ. ಹಂಚು ತುಂಬಿಕೊಂಡು ಬೆಳಿಗ್ಗೆ ಹೋದವನು ಸಂಜೆಗೆ ಬರಬೇಕಿತ್ತು. ಉಳಿದ ಚಾಲಕರನ್ನು ಅವರು ಒಂದು ಗೋದಾಮಿನಲ್ಲಿ ಕೂರಿಸಿದ್ದರೆ, ಇವನನ್ನು ಮಾತ್ರ ಬೇಹುಗಾರನೆಂದು ಬೇರೆ ಇಟ್ಟಿದ್ದಾರೆ ಎಂಬ ಸುದ್ದಿ ಬಂದಿತ್ತು.

ಮಾತುಕತೆಗೆ ಎರಡೂ ಕಡೆ ಒಪ್ಪಿದ ಮೇಲೂ ಮಾತು ದಾಟಿಸುವವರು ಯಾರು ಎಂಬುದರಲ್ಲೇ ವಾರಗಳು ಹೋದವು. ಇವರ ಪಂಡಿತನನ್ನು ಅವರು ಬೇಡ ಎಂದರು, ಅವರ ಪಂಡಿತನನ್ನು ಇವರು ಬೇಡ ಎಂದರು. ಕೊನೆಗೆ ಹುಡುಕಿ ಹುಡುಕಿ ಅವಳನ್ನು ಹಿಡಿದರು. ಆಚೆ ದಡದಲ್ಲಿ ಹುಟ್ಟಿ ಈಚೆ ದಡಕ್ಕೆ ಸೊಸೆಯಾಗಿ ಬಂದವಳು. ಈಚೆಯವರ ಪಾಲಿಗೆ ಅವಳು ಆಚೆಯವಳು, ಆಚೆಯವರ ಪಾಲಿಗೆ ಊರು ಬಿಟ್ಟು ಹೋದವಳು. ಎರಡು ಸರ್ಕಾರಗಳೂ ಸಮನಾಗಿ ಅನುಮಾನಿಸಬಹುದಾದ ಮನುಷ್ಯಪ್ರಾಣಿ ಅವಳೊಬ್ಬಳೇ ಇದ್ದಳು.

ಸೇತುವೆಯ ನಟ್ಟನಡುವೆ, ಹಿಂದೆ ಸುಂಕ ವಸೂಲಿ ಮಾಡುತ್ತಿದ್ದ ತಗಡಿನ ಕೋಣೆ. ಆಚೆಗೊಂದು ಬಾಗಿಲು, ಈಚೆಗೊಂದು ಬಾಗಿಲು. ನೆಲದ ಮೇಲೆ ಬಿಳಿ ಗೆರೆ, ಗೆರೆಯ ಮೇಲೆ ಮೇಜು. ಮೇಜಿನ ತುದಿಗೆ ಅವಳ ಸ್ಟೂಲು. ಅದರ ಎರಡು ಕಾಲು ಆಚೆ, ಎರಡು ಕಾಲು ಈಚೆ ಬರುವಂತೆ ಇಬ್ಬರು ಸಿಪಾಯಿಗಳು ಬಗ್ಗಿ ನೋಡಿ ಸರಿಮಾಡಿದರು.

ಆಚೆಯವರ ಮುಖ್ಯಸ್ಥ ಊರುಗೋಲು ಹಿಡಿದ ದಪ್ಪನೆಯ ಮುದುಕ. ಊರುಗೋಲನ್ನು ಮೇಜಿಗೆ ಆನಿಸಿಟ್ಟು, ಉಸಿರು ತೆಗೆದುಕೊಂಡು ಮಾತಾಡುತ್ತಿದ್ದ. ಮೊದಲ ಅರ್ಧ ದಿನ ದಿಬ್ಬದ ಮಾತು. ದಿಬ್ಬ ನಮ್ಮ ದಡದಿಂದ ಕೊಚ್ಚಿ ಹೋದ ಮಣ್ಣು ಎಂದು ಇವರು, ನಮ್ಮ ನೀರಿನಲ್ಲಿ ನಿಂತ ಮಣ್ಣು ಎಂದು ಅವರು. ಅವಳು ಅಳತೆ ಹೇಳಿದವರ ಅಳತೆಗೆ ಕತ್ತರಿ ಹಾಕುವಂತೆ ಮಾತನ್ನು ಕತ್ತರಿಸಿ ಇತ್ತ ಕೊಟ್ಟಳು, ಅತ್ತ ಕೊಟ್ಟಳು. ಕಸುಬು ಬಲ್ಲ ಯಾವ ದರ್ಜಿಯೂ ಅಳತೆಗೆ ಸರಿಯಾಗಿ ಬಟ್ಟೆ ಕತ್ತರಿಸುವುದಿಲ್ಲ. ಹೊಲಿಗೆಗೆ ಅಂತ ಎರಡು ಬೆರಳು ಅಂಚು ಬಿಡುತ್ತಾರೆ. ಇಲ್ಲಿ ಅಂಚು ಬಿಡುವ ಹಾಗಿರಲಿಲ್ಲ.

ಚಾಲಕರ ವಿಷಯ ಬಂದಾಗ ಮುದುಕ ಅವಳ ಕಡೆ ನೋಡದೆ ಹೇಳಿದ: “ಒಬ್ಬನ ಲಾರಿಯಲ್ಲಿ ನಕ್ಷೆ ಸಿಕ್ಕಿದೆ. ಕಾಗದದ ಮೇಲೆ ದಿಬ್ಬದ ಆಕಾರ, ಸುತ್ತ ಬಾಣದ ಗುರುತುಗಳು. ಅವನನ್ನು ಬಿಡುವ ಪ್ರಶ್ನೆಯೇ ಇಲ್ಲ.”

ಅದು ನಕ್ಷೆಯಲ್ಲ. ಅಂಗಿಯ ತೋಳಿನ ಕಾಗದದ ಅಚ್ಚು. ಅವಳೇ ಕತ್ತರಿಸಿದ್ದು. ಊಟದ ಡಬ್ಬಿ ಸುತ್ತಿಕೊಳ್ಳಲು ಅವನು ಅಂಗಡಿಯಿಂದ ಕೈಗೆ ಸಿಕ್ಕ ಕಾಗದ ಎಳೆದುಕೊಂಡು ಹೋಗುವುದು, ಅವಳು ಬೈಯುವುದು, ಇದು ಮದುವೆಯಾದಾಗಿನಿಂದ ನಡೆದದ್ದು. ಬಾಣದ ಗುರುತು ಬಟ್ಟೆಯ ಎಳೆ ಯಾವ ಕಡೆಗೆ ಹೋಗಬೇಕು ಎಂಬುದಕ್ಕೆ. ಇಷ್ಟನ್ನು ಹೇಳಲು ನಾಲ್ಕು ಮಾತು ಸಾಕಿತ್ತು. ಮೂಲೆಯಲ್ಲಿ ಕಿವಿ ಕತ್ತು ಮುಂದೆ ಚಾಚಿ ಕೂತಿದ್ದ. ಎದುರು ಮೂಲೆಯಲ್ಲಿ ಇನ್ನೊಬ್ಬ ಕಿವಿ.

“ಒಬ್ಬನ ಲಾರೀಲಿ ನಕ್ಷೆ ಸಿಕ್ಕಿದೆ,” ಎಂದು ಅವಳು ಈಚೆಯ ಮಾತಿನಲ್ಲಿ ಹೇಳಿದಳು. “ದಿಬ್ಬದ ಆಕಾರ, ಸುತ್ತ ಬಾಣದ ಗುರುತು. ಅವನನ್ನ ಬಿಡೋ ಪ್ರಶ್ನೆಯೇ ಇಲ್ಲ.”

ಒಂದು ಮಾತೂ ಕೂಡಿಸಲಿಲ್ಲ.

ಹೊತ್ತು ಇಳಿಯುವಾಗ ಆ ದಿನದ ಮಾತು ಮುಗಿಯಿತು. ಯಾವುದೂ ತೀರ್ಮಾನವಾಗಿರಲಿಲ್ಲ, ಆದರೆ ಯಾರೂ ಮೇಜು ಕುಟ್ಟಿರಲಿಲ್ಲ. ಅದೇ ದೊಡ್ಡದೆಂದು ಎರಡೂ ಕಡೆಯವರ ಮುಖ ಸ್ವಲ್ಪ ಸಡಿಲವಾಗಿತ್ತು. ಮುದುಕ ಊರುಗೋಲು ಊರಿ ಎದ್ದು ತಲೆ ಬಾಗಿಸಿ ತನ್ನ ಮಾತಿನಲ್ಲಿ ಒಂದು ಮಾತು ಹೇಳಿದ. ಆಚೆ ದಡದಲ್ಲಿ ಯಾರ ಮನೆಯಿಂದ ಯಾರು ಹೊರಟರೂ ಹೇಳುವ ಮಾತೇ ಅದು. ಅವಳು ಅದನ್ನೂ ಎತ್ತಿ ಈಚೆಗೆ ಇಟ್ಟಳು.

“ಬಾಗಿಲು ಹಾಕ್ಕೊಳ್ಳಿ, ಅಂತಾರೆ.”

ಹಿರಿಯ ಅಧಿಕಾರಿಯ ಮುಖ ಗಂಟಿಕ್ಕಿತು. ಗೇಟು ಮೊದಲು ಹಾಕಿದ್ದು ಯಾರು ಎಂಬ ಬಗ್ಗೆಯೇ ಬೆಳಿಗ್ಗೆ ಒಂದು ಗಂಟೆ ವಾದವಾಗಿತ್ತು. ಅವನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಆದರೂ ದೊಡ್ಡ ಮನೆತನದ ಮನುಷ್ಯ, ಹೊರಡುವಾಗ ಹೇಳುವ ಮಾತು ಅಭ್ಯಾಸಬಲದಿಂದ ಬಾಯಿಗೆ ಬಂತು.

“ಬರ್ತೀವಿ.”

ಅವಳು ಅದನ್ನು ಆಚೆಯ ಮಾತಿಗೆ ತಿರುಗಿಸಿದಳು. ಆಚೆಯ ಮಾತಿನಲ್ಲಿ ಹೋಗುವವನು ಹೋಗುತ್ತೇನೆ ಅನ್ನುತ್ತಾನೆ, ಬರುವವನು ಬರುತ್ತೇನೆ ಅನ್ನುತ್ತಾನೆ. ಅಲ್ಲಿ ಬರುವುದೆಂದರೆ ಬರುವುದೇ.

ಹೊರಡಲು ತಿರುಗಿದ್ದ ಮುದುಕ ಅಲ್ಲೇ ನಿಂತ.

“ಯಾವಾಗ?” ಎಂದ ಮುದುಕ, ಮೆಲ್ಲಗೆ.

“ಯಾವಾಗ ಅಂತ ಕೇಳ್ತಾರೆ.”

“ಯಾವಾಗ ಅಂದ್ರೇನು? ಈಗಲೇ!” ಎಂದ ಅಧಿಕಾರಿ, ಟೋಪಿ ಎತ್ತಿಕೊಳ್ಳುತ್ತ.

“ಈಗಲೇ,” ಎಂದು ಅವಳು ಆಚೆಯ ಮಾತಿನಲ್ಲಿ ಹೇಳಿದಳು. ಹೇಳಿದ ಮೇಲೆ, ಆಚೆ ಬಾಗಿಲಿನ ಸಿಪಾಯಿ ಬಂದೂಕು ಎತ್ತಿದ್ದು ಕಂಡ ಮೇಲೆ, ತಾನೇನು ಹೇಳಿದೆನೆಂದು ಅವಳಿಗೆ ಹೊಳೆಯಿತು. ಇಷ್ಟು ವರ್ಷದಲ್ಲಿ ಎರಡು ಮಾತೂ ಮೈಗೆ ಹತ್ತಿದ ಹಳೆಯ ಬಟ್ಟೆಗಳಾಗಿದ್ದವು, ಯಾವುದು ಎಲ್ಲಿ ಬಿಗಿ ಎಂಬುದು ಮರೆತೇ ಹೋಗಿತ್ತು.

“ಅಲ್ಲ, ತಾಳಿ, ಅದು ಹಾಗಲ್ಲ...”

“ಕೂಡಿಸ್ತಿದಾಳೆ!” ಎಂದು ಕಿವಿ ಕೂಗಿದ. ಅದೇ ಹೊತ್ತಿಗೆ ಎದುರು ಮೂಲೆಯ ಕಿವಿಯೂ ಅವರ ಮಾತಿನಲ್ಲಿ ಅದನ್ನೇ ಕೂಗಿದ. ಎರಡು ಬಾಗಿಲುಗಳೂ ಒಟ್ಟಿಗೆ ಬಡಿದುಕೊಂಡವು.

ಆಮೇಲಿನ ದಿನಗಳಲ್ಲಿ ಎರಡು ದಡದಲ್ಲೂ ಮರಳಿನ ಮೂಟೆಗಳು ಎದ್ದವು. ನುಗ್ಗುತ್ತೇವೆಂದು ಮುಖದ ಮೇಲೇ ಹೇಳಿದರು ಎಂದು ಆಚೆಯ ರೇಡಿಯೋ ಹೇಳಿತು. ಗಡಿ ಮುಚ್ಚಿಕೊಳ್ಳಿ ಎಂದು ಅವಮಾನ ಮಾಡಿದರು ಎಂದು ಈಚೆಯ ರೇಡಿಯೋ ಹೇಳಿತು. ದರ್ಜಿ ಅಂಗಡಿಗೆ ಜನ ಬಂದರು, ಹೊಲಿಸಲಿಕ್ಕಲ್ಲ. ಎದುರು ಮನೆಯ ರೊಟ್ಟಿಯಂಗಡಿಯವಳು ತೋಳು ಹಚ್ಚದ ಅಂಗಿಯನ್ನು ಹಾಗೇ ವಾಪಸು ತೆಗೆದುಕೊಂಡು ಹೋದಳು. “ಇರಲಿ ಬಿಡು, ಮಗ ತೋಳಿಲ್ಲದೇನೇ ಹಾಕ್ಕೋತಾನೆ,” ಎಂದಳು.

ಮನೆಯಲ್ಲಿ ಅತ್ತೆ ಹೊತ್ತು ಮುಳುಗುವ ಮೊದಲೇ ಬಾಗಿಲು ಹಾಕತೊಡಗಿದರು. ಆ ಬಾಗಿಲಿಗೆ ಎರಡು ಚಿಲಕ. ಕೆಳಗಿನದರ ಪಕ್ಕ ಹಲಗೆಯಲ್ಲಿ ಒಂದು ಸೀಳಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಲಾರಿ ನಿಲ್ಲಿಸಿ ಬರುವ ಮಗ ಆ ಸೀಳಿನಲ್ಲಿ ಎರಡು ಬೆರಳು ತೂರಿಸಿ ಚಿಲಕ ಎತ್ತಿ ತಾನೇ ಒಳಗೆ ಬರುತ್ತಿದ್ದ, ಯಾರನ್ನೂ ಎಬ್ಬಿಸುತ್ತಿರಲಿಲ್ಲ. ಮೇಲಿನ ಚಿಲಕಕ್ಕೆ ಹೊರಗಿನಿಂದ ದಾರಿಯಿಲ್ಲ. ಗೇಟು ಬಿದ್ದಾಗಿನಿಂದ ಅತ್ತೆ ಮೇಲಿನದನ್ನೂ ಹಾಕುತ್ತಿದ್ದರು.

“ಬಾಗಿಲು ಹಾಕ್ಕೊಳ್ಳಿ ಅಂತೆ,” ಎಂದರು ಅತ್ತೆ ಒಂದು ಸಂಜೆ, ಚಿಲಕದ ಕಡೆ ತಿರುಗಿಕೊಂಡೇ. “ಬಂದ ಹೊಸದರಲ್ಲಿ ನನಗೂ ಅಂತಿದ್ದೆ. ಅಂಗಡಿಗೆ ಹೊರಟೋಳು ನನ್ನ ಮನೇಲಿ ನನಗೇ ಬಾಗಿಲು ಹಾಕ್ಕೋ ಅನ್ನೋದು! ಆರು ತಿಂಗಳು ನಿನ್ನ ಹತ್ತಿರ ಮಾತಾಡಲಿಲ್ಲ, ನೆನಪಿದೆಯಾ?”

“ನೆನಪಿದೆ ಅತ್ತೆ. ನಮ್ಮ ಕಡೆ ನದಿಗಾಳಿ ಜಾಸ್ತಿ. ನನ್ನ ದಾರಿ ನೋಡ್ತಾ ಗಾಳೀಲಿ ನಿಲ್ಲಬೇಡಿ, ಬೆಚ್ಚಗಿರಿ ಅಂತ ಅದರ ಅರ್ಥ.”

“ಅರ್ಥ ಅವನು ಹೇಳಿದ ಮೇಲೆ ಗೊತ್ತಾಯ್ತು. ನೀನು ಹೇಳಿದ್ರೆ ನಾನು ನಂಬ್ತಿದ್ನಾ?” ಅತ್ತೆ ತಿರುಗಿದರು. “ನಿಜ ಹೇಳೇ. ಅಲ್ಲಿ ನೀನು ಯಾರ ಕಡೆ ಮಾತಾಡಿದೆ?”

“ಯಾರ ಕಡೇನೂ ಇಲ್ಲ. ಅದೇ ತಪ್ಪಾಯ್ತು.”

ಅವಳು ಗೋಡೆಗೊರಗಿ ಕೂತಳು. ಮದುವೆಯಾದ ಹೊಸದರಲ್ಲಿ ಅವಳಿಗೂ ಒಂದು ಮಾತು ಅರ್ಥವಾಗಿರಲಿಲ್ಲ. ಅವನು ಲಾರಿ ಹತ್ತುವಾಗ “ಬರ್ತೀನಿ” ಅನ್ನುತ್ತಿದ್ದ. “ಹೋಗೋನು ಬರ್ತೀನಿ ಅಂತೀಯಲ್ಲ, ಹೋಗೋದನ್ನ ಯಾಕೆ ಮುಚ್ಚಿಡ್ತೀಯ?” ಎಂದು ಒಂದು ದಿನ ಅವಳು ಅತ್ತೇಬಿಟ್ಟಿದ್ದಳು. ಅವನು ನಕ್ಕಿದ್ದ. ಅಂದಿನಿಂದ ಅವಳೊಬ್ಬಳಿಗೋಸ್ಕರ ಆ ಮಾತಿಗೊಂದು ಬಾಲ ಹಚ್ಚಿದ. “ಬರ್ತೀನಿ. ಬರದೇ ಎಲ್ಲಿಗೆ ಹೋಗ್ಲಿ?” ಕಡೆಯ ದಿನ ಬೆಳಿಗ್ಗೆ, ಡಬ್ಬಿಗೆ ಕಾಗದ ಸುತ್ತಿಕೊಂಡು ಹೊರಟಾಗಲೂ ಹಾಗೇ ಹೇಳಿದ್ದ. ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತಿರಲಿಲ್ಲ.

ಹಿರಿಯ ಅಧಿಕಾರಿ ಮನೆಗೇ ಬಂದದ್ದು ಒಂದು ಮಧ್ಯಾಹ್ನ, ಕಿವಿಯನ್ನು ಕರೆದುಕೊಂಡು. ಕುರ್ಚಿ ಒಂದೇ ಇತ್ತು. ಅಧಿಕಾರಿ ಅದರಲ್ಲಿ ಕೂತ. ಕಿವಿ ಹೊಲಿಗೆ ಯಂತ್ರದ ಪಕ್ಕ ನಿಂತು ಅದರ ಡಬ್ಬಿಯ ಮುಚ್ಚಳ ತೆಗೆದು ತೆಗೆದು ನೋಡಿದ. ಅತ್ತೆ ಬಾಗಿಲಿನ ರೆಕ್ಕೆ ಹಿಡಿದು ನಿಂತರು.

“ಯಾರು ಹೇಳಿಕೊಟ್ಟರು ನಿನಗೆ?” ಎಂದ ಅಧಿಕಾರಿ.

“ನೀವೇ. ಕೂಡಿಸಬಾರದು, ಕಳೀಬಾರದು ಅಂದ್ರಿ. ನೀವು ಆಡಿದ್ದನ್ನ ಆಡಿದೆ, ಅವರು ಆಡಿದ್ದನ್ನ ಆಡಿದೆ.” ಅವಳು ಬಾಗಿಲಿನ ಮಾತಿನ ಅರ್ಥ ಹೇಳಿದಳು, ಬರುವ ಮಾತನ್ನು ಅವರು ಹೇಗೆ ಕೇಳಿಸಿಕೊಂಡರೆಂದು ಹೇಳಿದಳು. ನಕ್ಷೆ ನಕ್ಷೆಯಲ್ಲ ಎಂದೂ ಹೇಳಿದಳು. ಮೂಲೆಯಿಂದ ಇನ್ನೊಂದು ತೋಳಿನ ಅಚ್ಚು ತಂದು ಅವನ ಮೊಣಕಾಲಿನ ಮೇಲೆ ಇಟ್ಟಳು.

ಅಧಿಕಾರಿ ಅದನ್ನು ತಿರುಗಿಸಿ ನೋಡಿದ. “ತೋಳು,” ಎಂದ. “ದಿಬ್ಬದ ಹಾಗೇ ಇದೆ.”

“ಎಲ್ಲಾ ತೋಳೂ ಹಾಗೇ ಇರುತ್ತೆ ಸ್ವಾಮಿ.”

“ಸುಳ್ಳು,” ಎಂದ ಕಿವಿ. “ತೋಳಿನ ಮಾತಲ್ಲ, ಬಾಗಿಲಿನ ಮಾತು. ಹದಿನೈದು ವರ್ಷ ಆಚೆ ಸಂತೇಲಿ ವ್ಯಾಪಾರ ಮಾಡಿದೀನಿ. ಒಬ್ಬನಾದ್ರೂ ಹೊರಡುವಾಗ ನನಗೆ ಬಾಗಿಲು ಹಾಕ್ಕೋ ಅಂದಿಲ್ಲ.”

“ಸಂತೇಲಿ ಬಾಗಿಲು ಎಲ್ಲಿರುತ್ತೆ ಅಣ್ಣಾ?”

ಅಧಿಕಾರಿಯ ತುಟಿ ಒಂದು ಎಳೆಯಷ್ಟು ಅಲುಗಿತು, ಮತ್ತೆ ಬಿಗಿಯಿತು. “ನೋಡಮ್ಮ, ನಿನ್ನ ಗಂಡ ಅವರ ಕೈಲಿದಾನೆ. ನೀನು ಹುಟ್ಟಿದ್ದು ಅಲ್ಲಿ. ನನ್ನ ಜಾಗದಲ್ಲಿ ನೀನಿದ್ರೆ ನಿನ್ನನ್ನ ನೀನು ನಂಬ್ತಿದ್ಯಾ?”

ಅವಳು ಸ್ವಲ್ಪ ಯೋಚಿಸಿದಳು. “ಇಲ್ಲ,” ಎಂದಳು.

ಅಧಿಕಾರಿ ಎದ್ದ. ನಂಬಿದನೋ ಬಿಟ್ಟನೋ ಮುಖದಲ್ಲಿ ಗೊತ್ತಾಗುತ್ತಿರಲಿಲ್ಲ. ಬಾಗಿಲ ಬಳಿ ಅತ್ತೆಯ ಎದುರು ಬಂದಾಗ, ವಯಸ್ಸಾದವರೆಂದು ದನಿ ತಗ್ಗಿಸಿದ.

“ಬರ್ತೀವಮ್ಮಾ.”

ಅತ್ತೆ ಬಾಗಿಲ ರೆಕ್ಕೆಯನ್ನು ಎದೆಗೆ ಎಳೆದುಕೊಂಡರು. “ಮತ್ತೆ ಬರ್ತೀರಾ? ಯಾಕಪ್ಪಾ ಮತ್ತೆ? ಡಬ್ಬಿ ಎಲ್ಲಾ ತೆಗೆದು ನೋಡಿದ್ರಲ್ಲ. ಇನ್ನೇನು ಉಳಿದಿದೆ ನಮ್ಮನೇಲಿ?”

“ಅಯ್ಯೋ, ಹಾಗಲ್ಲ ತಾಯಿ. ಹೋಗ್ತೀವಿ ಅಂದದ್ದು.”

“ಹಾಗಾದ್ರೆ ಹೋಗ್ತೀವಿ ಅನ್ನಿ.”

“ಹೋಗ್ತೀವಿ ಅಂತ ಹೇಗೆ ಅನ್ನೋದು, ಒಳ್ಳೇ ಮಾತಲ್ಲ ಅದು...” ಅಧಿಕಾರಿ ಅಷ್ಟಕ್ಕೇ ನಿಂತ. ಒಂದು ಕಾಲು ಹೊಸ್ತಿಲ ಆಚೆ, ಒಂದು ಕಾಲು ಈಚೆ. ಹುಟ್ಟಿದಾಗಿನಿಂದ ಅದೇ ಮಾತಾಡಿಕೊಂಡು ಬೆಳೆದ ಮುದುಕಿ, ಅವನು ಕೈಯೆತ್ತಿದಂತೆ ಹಿಂದಕ್ಕೆ ಸರಿದು ನಿಂತಿದ್ದಳು. ಅವನು ಅವಳನ್ನು ನೋಡಿದ, ಒಳಗೆ ನಿಂತ ದರ್ಜಿಯವಳನ್ನು ನೋಡಿದ. ಆಮೇಲೆ ಏನೂ ಹೇಳದೆ ಮೆಟ್ಟಿಲಿಳಿದು ಹೋದ. ಬೀದಿಯಲ್ಲಿ ಜೀಪು ತುಂಬ ಹೊತ್ತು ಶುರುವಾಗಲೇ ಇಲ್ಲ.

ಎರಡನೆಯ ಮಾತುಕತೆಗೆ ಕರೆ ಬಂದಾಗ ಅವಳನ್ನೇ ಕರೆದರು. ಬೇರೆ ಯಾರೂ ಸಿಕ್ಕಿರಲಿಲ್ಲವೋ, ಬೇರೆ ಕಾರಣವಿತ್ತೋ, ಯಾರೂ ಹೇಳಲಿಲ್ಲ. ಕಾವಲಿನ ಹೆಂಗಸು ಈ ಸಲ ಕೊರಳಪಟ್ಟಿಯನ್ನು ಬಹಳ ಎಚ್ಚರದಿಂದ ಮುಟ್ಟಿದಳು. ಆಮೇಲೆ ತನ್ನ ಜೇಬಿನಿಂದ ಸೂಜಿ ತೆಗೆದು ಅವಳ ಅಂಗೈಯಲ್ಲಿಟ್ಟಳು.

“ತಗೋ. ನಡುವೆ ಒಂದು ಗುಂಡಿ ಹಾಕಿಕೊಂಡೆ,” ಎಂದು ಪಿಸುಗುಟ್ಟಿದಳು. “ನಿನ್ನ ದಾರ ಗಟ್ಟಿ ಇದೆ.”

ಕೋಣೆಯಲ್ಲಿ ಎಲ್ಲರೂ ಹಿಂದಿನ ಜಾಗದಲ್ಲೇ ಕೂತಿದ್ದರು. ಆದರೆ ಈಗ ಬಾಗಿಲಿಗೆ ಇಬ್ಬಿಬ್ಬರು ಸಿಪಾಯಿಗಳು. ಹಿಂದಿನ ಸಲದ ವಿಷಯ ಯಾರೂ ಎತ್ತಲಿಲ್ಲ. ಎತ್ತಿದರೆ ಯಾರಾದರೂ ತಪ್ಪಾಯಿತು ಅನ್ನಬೇಕು, ಅನ್ನುವವರು ಆ ಕೋಣೆಯಲ್ಲಿರಲಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ ಎರಡೂ ಕಡೆಯವರು ಮಾತಾಡಿದರು. ಮುಂದಿನ ನೆರೆ ಬಂದು ಹೋಗುವವರೆಗೆ ದಿಬ್ಬದ ಮೇಲೆ ಯಾರೂ ಕಾಲಿಡಬಾರದು ಎಂಬಲ್ಲಿಗೆ ಮಾತು ಬಂದು ನಿಂತಿತು. ಯಾರೂ ಅಂದರೆ ಯಾರ್ಯಾರು ಎಂದು ಅವರು ಕೇಳಿದರು. ಯಾರೂ ಅಂದರೆ ಯಾರೂ ಎಂದು ಇವರು. ಕೊಕ್ಕರೆ ಬಿಟ್ಟು, ಎಂದು ಮುದುಕ ಅಂದ. ಅವಳು ಕೊಕ್ಕರೆಯನ್ನೂ ದಾಟಿಸಿದಳು. ಯಾರೂ ನಗಲಿಲ್ಲ, ನಗಬಹುದೋ ಬಾರದೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಚಾಲಕರ ಮಾತು ಬಂತು. ಚಾಲಕರನ್ನು ಅದಲುಬದಲು ಮಾಡುವ ವಿಚಾರ ಮುಂದಿನ ಸಲ, ಎಂದ ಮುದುಕ. ಎಲ್ಲ ಚಾಲಕರನ್ನೂ, ಎಂದು ಇವರ ಅಧಿಕಾರಿ. ಆಚೆಯವರು ಹೂಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ. ನಕ್ಷೆ ಎಂಬ ಮಾತು ಈ ಸಲ ಯಾರ ಬಾಯಲ್ಲೂ ಬರಲಿಲ್ಲ. ಅವಳು ಸ್ಟೂಲಿನ ಅಂಚನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ಬಾರದಿದ್ದದ್ದು ಒಳ್ಳೆಯದಕ್ಕೋ? ಇಲ್ಲ, ಆ ಮನುಷ್ಯನ ವಿಷಯ ಮಾತಾಡಲು ಇನ್ನೇನೂ ಉಳಿದಿಲ್ಲ ಅಂತಲೋ? ಇದ್ದಾನಾ ಎಂದು ಒಂದು ಮಾತು ಕೇಳಿದರೆ ಸಾಕಿತ್ತು. ಕೂಡಿಸುವ ಹಾಗಿರಲಿಲ್ಲ.

ಮಾತು ಮುಗಿಯಿತು. ಮುಗಿದ ಮೇಲೂ ಯಾರೂ ಏಳಲಿಲ್ಲ.

ಎದ್ದವನು ಏನಾದರೂ ಹೇಳಬೇಕು. ಮುದುಕ ಲೋಟದಲ್ಲಿ ಉಳಿದಿದ್ದ ನೀರು ಕುಡಿದ. ಇವರ ಅಧಿಕಾರಿಯೂ ಕುಡಿದ. ಲೋಟಗಳು ಖಾಲಿಯಾದವು. ಕಿವಿ ಕೆಮ್ಮಿದ, ಎದುರು ಕಿವಿ ಅವನು ಕೆಮ್ಮಿದ್ದು ಯಾಕೆಂದು ಕಣ್ಣು ಕಿರಿದುಮಾಡಿ ನೋಡಿದ. ಕೆಳಗೆ ನೀರು ಸೇತುವೆಯ ಕಂಬಕ್ಕೆ ಉಜ್ಜಿಕೊಂಡು ಹರಿಯುವ ಸದ್ದು ಕೇಳಿಸುತ್ತಿತ್ತು. ಸಿಪಾಯಿಯೊಬ್ಬ ಬಂದೂಕನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದಾಗ ಎಲ್ಲರೂ ತಿರುಗಿ ನೋಡಿದರು.

ಕೊನೆಗೆ ಮುದುಕ ಊರುಗೋಲಿಗೆ ಕೈ ಹಾಕಿದ. ಎರಡು ಸಲ ಪ್ರಯತ್ನಪಟ್ಟು ಎದ್ದು ನಿಂತ. ಅವಳು ಬಾಯಿ ತೆರೆದು ಸಿದ್ಧಳಾದಳು. ಆದರೆ ಮುದುಕ ಅವಳ ಕಡೆ ತಿರುಗಲಿಲ್ಲ. ಮೇಜಿನ ಈಚೆ ಕೂತವರನ್ನು ನೋಡುತ್ತ, ಈಚೆಯ ಮಾತಿನಲ್ಲೇ, ಕಲ್ಲಿನ ಮೇಲೆ ಕಾಲಿಟ್ಟು ಹಳ್ಳ ದಾಟುವವನ ಹಾಗೆ ಒಂದೊಂದೇ ಅಕ್ಷರ ಊರಿ ಹೇಳಿದ:

“ಬರ್ತೀವಿ. ಬರದೇ ಎಲ್ಲಿಗೆ ಹೋಗ್ಲಿ?”

ಆ ಮಾತಿನಲ್ಲಿ ಬರುವವರು ಹಲವರು, ಹೋಗುವವನು ಒಬ್ಬ. ಮೊದಲ ಮಾತನ್ನು ತನ್ನವರಿಗೆ ತಕ್ಕಂತೆ ತಿದ್ದಿಕೊಂಡಿದ್ದ. ಎರಡನೆಯದನ್ನು, ಯಾರ ಬಾಯಿಂದ ಕೇಳಿದ್ದನೋ ಅವರು ಹೇಳಿದ ಹಾಗೆಯೇ ಎತ್ತಿ ತಂದಿದ್ದ. ಎಲ್ಲಿಗೆ ಎಂಬಲ್ಲಿ ದನಿ ಸ್ವಲ್ಪ ಎಳೆದು, ಹೋಗ್ಲಿ ಎಂಬಲ್ಲಿ ಇಳಿಸಿದ್ದ. ಲಾರಿಯ ಬಾಗಿಲು ಎಳೆದುಕೊಳ್ಳುವ ಹೊತ್ತಿಗೆ ಮಾತು ಹಾಗೇ ಇಳಿಯುತ್ತಿತ್ತು.

ಅವಳ ಸ್ಟೂಲು ಗೆರೆಯ ಮೇಲೆ ಒಮ್ಮೆ ಕಿರ್ರೆಂದಿತು.

“ಏನಂದ್ರು?” ಎಂದ ಹಿರಿಯ ಅಧಿಕಾರಿ, ಅಭ್ಯಾಸದಿಂದ, ಅವಳ ಕಡೆ ತಿರುಗಿ. ಆಮೇಲೆ ತಾನು ಕೇಳಿಸಿಕೊಂಡದ್ದು ತನ್ನದೇ ಮಾತು ಎಂದು ತಿಳಿದು ಮತ್ತೆ ಮುದುಕನ ಕಡೆ ತಿರುಗಿದ. ಆ ದಿನವಿಡೀ ಅವಳಿಗೆ ದಾಟಿಸಲಾಗದೆ ಉಳಿದ ಮಾತು ಅದೊಂದೇ.

ಅಧಿಕಾರಿ ನಿಧಾನವಾಗಿ ಎದ್ದ. ಟೋಪಿ ಕೈಯಲ್ಲೇ ಇತ್ತು. ಒಮ್ಮೆ ಸಿಪಾಯಿಗಳನ್ನು, ಒಮ್ಮೆ ಕಿವಿಯನ್ನು ನೋಡಿದ. ಗಂಟಲು ಸರಿಮಾಡಿಕೊಂಡ.

“ಬಾಗಿಲು ಹಾಕ್ಕೊಳ್ಳಿ,” ಎಂದ, ಗಡುಸಾಗಿ. “ಹೇಳು ಅವರಿಗೆ.”

ಅವಳು ಹೇಳಿದಳು. ಒಂದು ಮಾತು ಕೂಡಿಸಲಿಲ್ಲ, ಒಂದು ಮಾತು ಕಳೆಯಲಿಲ್ಲ.

ಮುದುಕ ತಲೆ ಬಾಗಿಸಿದ. ಊರುಗೋಲಿನ ಸದ್ದು ಸೇತುವೆಯ ಆಚೆ ಅರ್ಧದ ಮೇಲೆ ದೂರವಾಗುತ್ತ ಹೋಯಿತು.

ಗೇಟಿನ ಕಡೆ ವಾಪಸು ನಡೆಯುವಾಗ ಕಿವಿ ಅವಳ ಪಕ್ಕಕ್ಕೆ ಬಂದ. “ಆ ಮುದುಕ ಕೊನೇಲಿ ಏನೋ ಬಾಲ ಸೇರಿಸಿದನಲ್ಲ, ಎಲ್ಲಿಗೆ ಹೋಗ್ಲಿ ಅಂತ. ಯಾರಿಗೆ ಹೇಳಿದ್ದು ಅದು? ಏನೋ ಗುರುತಿನ ಮಾತಿರಬೇಕು.”

ಯಾರ ಬಾಯಿಯ ಮಾತೆಂದು ಹೇಳಿದರೆ, ಬೇಹುಗಾರನೆಂದು ಅವರು ಹಿಡಿದಿಟ್ಟವನು ಅವರ ದೊಡ್ಡವರ ಹತ್ತಿರ ಕೂತು ಮಾತಾಡುತ್ತಿದ್ದಾನೆ ಎಂದಾಗುತ್ತದೆ. ಬಂದ ಮೇಲೆ ಇವರ ಸೆರೆಕೋಣೆಯೊಂದು ಅವನಿಗೆ ಕಾದಿರುತ್ತದೆ.

“ಅದು ನಿಮ್ಮ ಮಾತು ಅಣ್ಣಾ,” ಎಂದಳು ಅವಳು. “ಅದರ ಅರ್ಥ ನನ್ನನ್ನ ಯಾಕೆ ಕೇಳ್ತೀರಿ? ನಾನು ಆಚೆಯವಳು.”

ಕಿವಿ ಅವಳ ಮುಖವನ್ನೇ ನೋಡುತ್ತ ಗೇಟಿನವರೆಗೂ ಬಂದ. ಅವಳು ಕೊರಳಪಟ್ಟಿಯ ಮಡಿಕೆಯಲ್ಲಿ ಸೂಜಿ ಇದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿಕೊಂಡಳು.

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಅತ್ತೆ ಹೊಸ್ತಿಲಲ್ಲೇ ನಿಂತಿದ್ದರು, ಗಾಳಿಗೆ ಕಿವಿಯ ಮೇಲೆ ಬಟ್ಟೆ ಎಳೆದುಕೊಂಡು.

“ಏನಂದ್ರು?”

“ನೆರೆ ಇಳಿಯೋವರೆಗೆ ದಿಬ್ಬಕ್ಕೆ ಯಾರೂ ಹೋಗಬಾರದಂತೆ.”

“ದಿಬ್ಬ ಹಾಳಾಗಿ ಹೋಗ್ಲಿ. ಅವನ ವಿಷಯ ಏನಂದ್ರು?”

“ಅವನ ವಿಷಯ ಯಾರೂ ಎತ್ತಲಿಲ್ಲ.” ಅವಳು ಒಳಗೆ ಬಂದು ಹೊಲಿಗೆ ಯಂತ್ರದ ಮುಂದೆ ಕೂತಳು. “ಹೊರಡುವಾಗ ಊರುಗೋಲಿನ ಮುದುಕ ನಮ್ಮ ಮಾತಲ್ಲಿ ಒಂದು ಮಾತು ಹೇಳಿದರು.”

“ಏನಂತ?”

“ಬರ್ತೀವಿ. ಬರದೇ ಎಲ್ಲಿಗೆ ಹೋಗ್ಲಿ, ಅಂತ.”

ಅತ್ತೆ ಅಲ್ಲೇ ನಿಂತರು. ಸೊಸೆಯ ಮುಖವನ್ನು ಎಷ್ಟೋ ಹೊತ್ತು ನೋಡಿದರು, ಇಷ್ಟು ವರ್ಷ ನೋಡಿದ ಹಾಗಲ್ಲ.

ಆಮೇಲೆ ಬಾಗಿಲು ಮುಂದೆ ಎಳೆದರು. ಬಗ್ಗಿ ಕೆಳಗಿನ ಚಿಲಕ ಹಾಕಿದರು. ನೆಟ್ಟಗಾಗಿ, ಹಿಮ್ಮಡಿ ಎತ್ತಿ, ಮೇಲಿನ ಚಿಲಕಕ್ಕೆ ಕೈ ಚಾಚಿದರು. ಬೆರಳು ಅದನ್ನು ಮುಟ್ಟಿತು, ಸ್ವಲ್ಪ ಹೊತ್ತು ಅಲ್ಲೇ ಇತ್ತು. ಕೈ ಕೆಳಗಿಳಿಸಿ, ಒರೆಸಿಕೊಂಡು, ಅಡುಗೆ ಒಲೆಯ ಕಡೆ ಹೋದರು.

ಹಲಗೆಯ ಸೀಳಿನಿಂದ ನದಿಗಾಳಿ ಸಣ್ಣಗೆ ಒಳಗೆ ಬರುತ್ತಿತ್ತು.